ಹೊಲಿದು ಓದಿದರೆ ಧಾರಾವಾಹಿ

ವಾರಪತ್ರಿಕೆಯ ಧಾರಾವಾಹಿಯನ್ನು ಕಂತು ಕಂತಾಗಿ ತೆಗೆದಿಟ್ಟು, ಮುಗಿದ ಮೇಲೆ ಹೊಲಿದು ರಟ್ಟು ಹಾಕಿ ಇಟ್ಟುಕೊಳ್ಳುವ ಅಭ್ಯಾಸ ಕಾಸರಗೋಡಿನ ಕನ್ನಡ ಮನೆಗಳಲ್ಲಿ ಪೂರ್ತಿ ಬಿಟ್ಟುಹೋಗಿಲ್ಲ. ಚಂದ್ರಗಿರಿ ಹೊಳೆಯಿಂದ ಉತ್ತರಕ್ಕೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಕಡೆ ಹಳೇ ಮನೆಯ ಅಟ್ಟ ಹುಡುಕಿದರೆ ಕ್ಯಾಲಿಕೊ ಬಟ್ಟೆಯ ಬೆನ್ನಿನ ಇಂಥ ಪುಸ್ತಕ ಒಂದಾದರೂ ಸಿಕ್ಕೀತು. 1956ರ ನವೆಂಬರ್ 1ಕ್ಕೆ ನಾವು ಕೇರಳದೊಳಗೆ ಬಂದೆವು. ಕನ್ನಡ ಪುಸ್ತಕ ಬೇಕೆಂದರೆ ಇಂದಿಗೂ ಮಂಗಳೂರಿನ ಬಸ್ಸು ಹತ್ತುವವರೇ ಹೆಚ್ಚು. ವಾರಪತ್ರಿಕೆ ಮಾತ್ರ ಪೇಟೆಯ ಅಂಗಡಿಗೆ ತಾನಾಗಿ ಬರುತ್ತಿತ್ತು. ಹಾಗಾಗಿ ಪ್ರೇಮ ಕಾದಂಬರಿ, ಪತ್ತೇದಾರಿ, ಮಾಯಾಜಾಲದ ಕಥೆ ಎಲ್ಲವೂ ಇಲ್ಲಿಯವರಿಗೆ ಮೊದಲು ಸಿಕ್ಕಿದ್ದು ಕಂತಿನ ರೂಪದಲ್ಲಿ.

ಈ ಕೆಲಸವನ್ನು ಕೈಯಾರೆ ಮಾಡುತ್ತಾ, ಹೊಲಿದದ್ದನ್ನು ಮೊದಲಿಂದ ಕೊನೆಯವರೆಗೆ ಓದುತ್ತಾ ಬಂದವರಿಗೆ ಒಂದು ಸಂಗತಿ ಕಾಣುತ್ತದೆ. ವಾರಕ್ಕೊಮ್ಮೆ ಓದಿದಾಗ ಎಲ್ಲ ಕಾದಂಬರಿಯೂ ಚೆನ್ನಾಗಿಯೇ ಇರುತ್ತದೆ. ಹೊಲಿದ ಮೇಲೆ ಕಂತಿನ ಬೆಸುಗೆಗಳು ಬಯಲಾಗುತ್ತವೆ. ಆಗ ಎಲ್ಲರೂ ಮೂಗು ಮುರಿಯುವ ಪ್ರೇಮ ಕಾದಂಬರಿ ಗಟ್ಟಿಯಾಗಿ ನಿಲ್ಲುತ್ತದೆ, ಊರೆಲ್ಲ ಕಾದು ಓದಿದ ರೋಚಕ ಕಾದಂಬರಿ ಅರ್ಧಕ್ಕರ್ಧ ಕುಸಿಯುತ್ತದೆ. ಹೇಗೆಂದು ಹೇಳುವ ಮೊದಲು ಹೊಲಿಗೆಯ ಕೆಲಸ ಹೇಳಿಬಿಡುತ್ತೇನೆ.

ಸಂಚಿಕೆ ಕೈಗೆ ಬಂದ ವಾರವೇ ಪುಟ ಹರಿಯಬಾರದು. ಮನೆಯಲ್ಲಿ ಎಲ್ಲರ ಓದು ಮುಗಿಯಲಿ. ಆದರೆ ಪಿನ್ನು ಮಾತ್ರ ಬೇಗ ತೆಗೆಯಬೇಕು. ಕಡಲ ಕರೆಯ ಗಾಳಿಗೆ ಆ ತಂತಿ ಒಂದು ಮಳೆಗಾಲದಲ್ಲೇ ತುಕ್ಕು ಹಿಡಿದು ಮಡಿಕೆಯನ್ನು ತಿನ್ನುತ್ತದೆ. ಉಗುರಿನಿಂದ ಎಳೆದರೆ ಕಾಗದ ಹರಿಯುತ್ತದೆ. ಹಳೇ ಚಾಕುವಿನ ಮೊಂಡ ತುದಿಯಿಂದ ನಡುಪುಟದಲ್ಲಿ ಬಗ್ಗಿರುವ ಎರಡು ಕಾಲುಗಳನ್ನು ನೆಟ್ಟಗೆ ಮಾಡಿ, ಬೆನ್ನಿನ ಕಡೆಯಿಂದ ಎತ್ತಿದರೆ ಸಲೀಸಾಗಿ ಬರುತ್ತದೆ.

ಪಿನ್ನು ತೆಗೆದ ಪತ್ರಿಕೆಯೆಂದರೆ ಒಂದರೊಳಗೊಂದು ಮಡಿಸಿಟ್ಟ ದೊಡ್ಡ ಹಾಳೆಗಳು. 68 ಪುಟದ ಸಂಚಿಕೆಯಲ್ಲಿ 21–22ರ ಎಲೆಗೆ 47–48ರ ಎಲೆ ಜೋಡಿ. ಒಂದೇ ಮುಖದ ಎರಡು ಪುಟಸಂಖ್ಯೆ ಕೂಡಿದರೆ ಯಾವಾಗಲೂ 69. ನಿಮಗೆ ಬೇಕಾದದ್ದು ಈ ಬದಿ, ಆ ಬದಿಯಲ್ಲಿ ಅಡುಗೆಯೋ ರಾಶಿಫಲವೋ ಇರುತ್ತದೆ. ಇಲ್ಲಿ ಹೆಚ್ಚಿನವರು ಮಡಿಕೆಯ ಗೆರೆಯಲ್ಲೇ ಕತ್ತರಿಸುತ್ತಾರೆ. ಹಾಗೆ ಮಾಡಿದರೆ ಹೊಲಿಗೆಗೆ ಪುಟದ ಒಳ ಅಂಚೇ ಬಲಿಯಾಗುತ್ತದೆ, ಪುಸ್ತಕ ಬಿಚ್ಚಿದಾಗ ಪ್ರತಿ ಸಾಲಿನ ಒಂದೆರಡು ಅಕ್ಷರ ಸಂದಿಯೊಳಗೆ ಹೋಗುತ್ತದೆ. ಮಡಿಕೆಯಿಂದ ಆಚೆಗೆ, ಬೇಡದ ಎಲೆಯ ಕಡೆ, ಒಂದು ಸೆಂಟಿಮೀಟರ್ ಬಿಟ್ಟು ಕತ್ತರಿಸಬೇಕು. ಆ ಪಟ್ಟಿಗೆ ನಾವು ಕಿವಿ ಅನ್ನುತ್ತೇವೆ. ಹೊಲಿಗೆ ಕಿವಿಯಲ್ಲಿ ಬೀಳುತ್ತದೆ, ಹಳೇ ಮಡಿಕೆಯೇ ತಿರುಗಣಿಯಾಗುತ್ತದೆ, ಪುಟ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕಿವಿ ಎಲ್ಲ ಎಲೆಗೂ ಒಂದೇ ಅಗಲ ಇರಲೇಬೇಕು. ಒಂದು ಸೆಂಟಿಮೀಟರ್ ಅಗಲದ ರಟ್ಟಿನ ಪಟ್ಟಿಯನ್ನು ಮಡಿಕೆಗೆ ತಾಗಿಸಿ, ಅದರಾಚೆ ಸ್ಟೀಲ್ ಸ್ಕೇಲ್ ಒತ್ತಿ, ಕಟ್ಟರಿನಿಂದ ಒಮ್ಮೆ ಹಗುರವಾಗಿ ಒಮ್ಮೆ ಬಿಗಿಯಾಗಿ ಎಳೆದರೆ ಸರಿ. ಕತ್ತರಿ ಬೇಡ, ಅದು ಅಲೆ ಅಲೆಯಾಗಿ ಹೋಗುತ್ತದೆ.

ಕತ್ತರಿಸುವ ಮೊದಲೇ ಪ್ರತಿ ಎಲೆಯ ಮೇಲ್ಮೂಲೆಯಲ್ಲಿ ಸಂಚಿಕೆಯ ತಾರೀಕನ್ನು ಪೆನ್ಸಿಲಿನಲ್ಲಿ ಬರೆಯಿರಿ. ಪತ್ರಿಕೆಯವರು ಹಾಕಿದ ಕಂತಿನ ಸಂಖ್ಯೆಯನ್ನು ನಂಬಿದರೆ ಕೆಡುತ್ತದೆ. ಒಂದೇ ಸಂಖ್ಯೆ ಎರಡು ವಾರ ಬರುವುದುಂಟು, ಸಂಖ್ಯೆಯೇ ಇಲ್ಲದ ಕಂತೂ ಉಂಟು. ತಾರೀಕು ಸುಳ್ಳಾಡುವುದಿಲ್ಲ.

ದೊಡ್ಡ ತಲೆನೋವು ಬೇರೆಯೇ. ಒಂದು ಧಾರಾವಾಹಿಯ ಕೊನೇ ಪುಟದ ಬೆನ್ನಿಗೇ ಇನ್ನೊಂದು ಧಾರಾವಾಹಿ ಶುರುವಾಗಿರುತ್ತದೆ. ಇಲ್ಲಿ ಎರಡು ಭಾಷೆ ಓದುವ ಮನೆಗಳೇ ಜಾಸ್ತಿ, ಮಲಯಾಳದ ಜನಪ್ರಿಯ ವಾರಪತ್ರಿಕೆಗಳನ್ನೂ ತರಿಸುವವರಿಗೆ ಈ ಕಷ್ಟ ಹೆಚ್ಚು, ಏಕೆಂದರೆ ಅವುಗಳಲ್ಲಿ ಒಂದೇ ಸಂಚಿಕೆಯೊಳಗೆ ಹಲವು ಕಾದಂಬರಿಗಳು ಒಟ್ಟೊಟ್ಟಿಗೆ ಓಡುತ್ತವೆ. ಎರಡನ್ನೂ ಒಂದೇ ಸಂಪುಟದಲ್ಲಿ ಹೊಲಿಯುವವರಿದ್ದಾರೆ. ಆಗ ಕೊಲೆಯ ನಡುವೆ ಮದುವೆ ಮಾತುಕತೆ, ಮದುವೆಯ ನಡುವೆ ಶವಪರೀಕ್ಷೆ. ಓದಲಿಕ್ಕಾಗದು. ಯಾವುದು ಚಿಕ್ಕದೋ ಅದರ ಆ ಪುಟವನ್ನು ಜೆರಾಕ್ಸ್ ಮಾಡಿಸಿ ಸೇರಿಸುವುದೇ ವಾಸಿ. ಜೆರಾಕ್ಸ್ ಕಾಗದ ಪತ್ರಿಕೆಯ ಕಾಗದಕ್ಕಿಂತ ಹೆಚ್ಚು ಬಾಳುತ್ತದೆ. ಆದರೆ ಪಾರದರ್ಶಕ ಪ್ಲಾಸ್ಟಿಕ್ ಹೊದಿಕೆಗೆ ತಾಗಿಸಿ ಇಡಬೇಡಿ, ಮಸಿ ಎದ್ದು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತದೆ.

ತಪ್ಪಿಹೋದ ಕಂತು ಇಲ್ಲದ ಸಂಪುಟ ಅಪರೂಪ. ಹರತಾಳದ ದಿನ ಕಟ್ಟು ಬರುವುದಿಲ್ಲ, ಮರುದಿನ ಅಂಗಡಿಯವನಿಗೆ ನೆನಪಿರುವುದಿಲ್ಲ. ಅಕ್ಕಪಕ್ಕದಲ್ಲಿ ಕೇಳಬೇಕು: “ಅಕ್ಕಾ, ಗಣೇಶ ಚೌತಿ ವಾರದ್ದು ನಿಮ್ಮಲ್ಲಿ ಉಂಟಾ?” ಅಂತ ಹಬ್ಬ ಹಿಡಿದು ಕೇಳಿದರೆ ಬೇಗ ಸಿಗುತ್ತದೆ, ತಾರೀಕು ಹೇಳಿದರೆ ಯಾರಿಗೂ ತಲೆಗೆ ಹೋಗುವುದಿಲ್ಲ. ಎಲ್ಲೂ ಸಿಗದಿದ್ದರೆ ಮುಂದಿನ ವಾರದ “ಇಲ್ಲಿಯವರೆಗೆ” ಭಾಗವನ್ನು ಒಂದು ಬಿಳಿ ಹಾಳೆಯಲ್ಲಿ ಬರೆದು, ತಲೆಬರಹದಲ್ಲಿ ಕಂತು ಇಲ್ಲವೆಂದು ಹಾಕಿ, ಅದಕ್ಕೂ ಕಿವಿ ಬಿಟ್ಟು ಅದೇ ಜಾಗದಲ್ಲಿ ಸೇರಿಸಬೇಕು. ಖಾಲಿ ಬಿಟ್ಟರೆ ಓದುವವರು ಪುಟ ಹರಿದಿದೆಯೆಂದು ನಮ್ಮ ಮೇಲೆ ಹೇಳುತ್ತಾರೆ.

ಎಲೆಗಳನ್ನು ಜೋಡಿಸುವಾಗ ಮೇಲಂಚು ಮತ್ತು ಕಿವಿಯ ಅಂಚು, ಈ ಎರಡನ್ನೇ ಸರಿಗಟ್ಟಿದರೆ ಸಾಕು. ಹೊರ ಅಂಚು ವಾರದಿಂದ ವಾರಕ್ಕೆ ಎರಡು ಮೂರು ಮಿಲಿಮೀಟರ್ ಆಚೀಚೆ ಇದ್ದೇ ಇರುತ್ತದೆ. ಅದನ್ನು ಪ್ರೆಸ್ಸಿನ ಕಟಿಂಗ್ ಮೆಷಿನ್ನಿಗೆ ಕೊಟ್ಟು ನುಣುಪು ಮಾಡಿಸಲು ಹೋದರೆ ಚಿತ್ರದ ಅಂಚು ಹೋಗುತ್ತದೆ. ಧಾರಾವಾಹಿಯ ಚಿತ್ರಗಳು ಪುಸ್ತಕವಾಗುವಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತವೆ, ಅವು ಉಳಿಯುವುದು ಇಂಥ ಹೊಲಿದ ಪ್ರತಿಗಳಲ್ಲೇ. ಕೃಷಿ ವಿಜ್ಞಾನಿ ಕೆ.ಎನ್. ಗಣೇಶಯ್ಯನವರ ಚಾರಿತ್ರಿಕ ರೋಚಕ ಕಾದಂಬರಿಗಳಂಥವುಗಳಲ್ಲಿ ಶಾಸನದ ಚಿತ್ರ, ಆಕರದ ಟಿಪ್ಪಣಿ ಎಲ್ಲ ಕಥೆಯ ಅಂಗವೇ. ಒಂದು ಚಿತ್ರದ ಮೂಲೆ ಹೋದರೆ ಒಂದು ಸುಳಿವು ಹೋದ ಹಾಗೆ.

ಮೂವತ್ತು ನಲವತ್ತು ಕಂತಿನದ್ದಾದರೆ ನೂರರ ಆಸುಪಾಸು ಎಲೆ ಬರುತ್ತದೆ, ದಪ್ಪ ಒಂದು ಸೆಂಟಿಮೀಟರಿನೊಳಗೆ. ಒಂದೂವರೆ ದಾಟಿದರೆ ಎರಡು ಸಂಪುಟ ಮಾಡಿ, ಬದಿ ಹೊಲಿಗೆ ಅದಕ್ಕಿಂತ ದಪ್ಪಕ್ಕೆ ಹಿಡಿಯುವುದಿಲ್ಲ. ಕಟ್ಟನ್ನು ಎರಡು ಹಲಗೆಯ ನಡುವೆ ಬಿಗಿದು, ಕಿವಿ ಮಾತ್ರ ಹೊರಗೆ ಬಿಟ್ಟು, ಅಂಚಿನಿಂದ ಐದು ಮಿಲಿಮೀಟರ್ ಒಳಗೆ ಐದು ತೂತು. ಸುತ್ತಿಗೆ ಮೊಳೆಯಲ್ಲಿ ಹೊಡೆದರೆ ಮೇಲಿನ ತೂತು ನೆಟ್ಟಗಿದ್ದು ಕೆಳಗಿನದು ವಾಲಿರುತ್ತದೆ, ಎರಡು ಮಿಲಿಮೀಟರ್ ಬಿಟ್ಟಿನ ಡ್ರಿಲ್ ಸಿಕ್ಕಿದರೆ ಒಳ್ಳೆಯದು. ಕೆಳಗೊಂದು ಬೇಡದ ಹಲಗೆ ತುಂಡು ಇಟ್ಟರೆ ಕೊನೇ ಎಲೆ ಸಿಬಿರೇಳುವುದಿಲ್ಲ. ಗೋಣಿ ಹೊಲಿಯುವ ದಬ್ಬಣ ತುಂಬ ದಪ್ಪ, ಅದು ತೂತನ್ನು ಹಿಗ್ಗಿಸುತ್ತದೆ. ದೊಡ್ಡ ಕಣ್ಣಿನ ಸಾಮಾನ್ಯ ಸೂಜಿ ಸಾಕು. ನೂಲು ಹತ್ತಿಯದ್ದು, ಮೂರು ಎಳೆ ಹೊಸೆದು ಜೇನುಮೇಣದ ಮೇಲೆ ಎರಡು ಸಲ ಎಳೆದದ್ದು. ನೈಲಾನ್ ಹುರಿ ಗಟ್ಟಿ, ಅದೇ ಅದರ ದೋಷ: ಎಳೆದಂತೆಲ್ಲ ಕಾಗದವನ್ನು ಕುಯ್ಯುತ್ತದೆ. ನಡುವಿನ ತೂತಿನಿಂದ ಶುರು ಮಾಡಿ ಮೇಲೆ ಹೋಗಿ, ಬಂದ ದಾರಿಯಲ್ಲೇ ಮರಳಿ, ಕೆಳಗೆ ಹೋಗಿ ಬಂದು ನಡುವಿನಲ್ಲೇ ಗಂಟು. ಪುಟದ ಉದ್ದದ ಮೂರು ಪಟ್ಟು ನೂಲು ಬೇಕು.

ಇನ್ನು ಅಂಟು. ಮೈದಾ 100 ಗ್ರಾಂ, ನೀರು 600 ಮಿಲಿಲೀಟರ್. ಮೈದಾವನ್ನು ಮೊದಲು ಸ್ವಲ್ಪ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಉಳಿದ ನೀರು ಕುದಿ ಬರುವಾಗ ಸುರಿದು, ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸುತ್ತಾ ಇರಬೇಕು. ಹಿಟ್ಟಿನ ಬಿಳಿ ಹೋಗಿ ಅರೆಪಾರದರ್ಶಕವಾದಾಗ ಬೆಂದಿದೆ ಎಂದರ್ಥ. ಅರೆಬೆಂದ ಅಂಟು ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಬರೀ ಮೈದಾ ಅಂಟೆಂದರೆ ಜಿರಳೆಗೂ, ಪುಸ್ತಕದ ಸಂದಿಯಲ್ಲಿ ಓಡಾಡುವ ಆ ಬೆಳ್ಳಿ ಬಣ್ಣದ ಹುಳಕ್ಕೂ ಊಟ. ಅದಕ್ಕೆ ಮೈಲುತುತ್ತು ಹಾಕುವುದು ಬೈಂಡರುಗಳ ಹಳೇ ಕ್ರಮ. ಅಡಿಕೆ ತೋಟದ ಮನೆಯಲ್ಲಿ ಅದಕ್ಕೇನೂ ಬರವಿಲ್ಲ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಕೊಳೆರೋಗಕ್ಕೆ ಮದ್ದು ಬಿಟ್ಟು ಉಳಿದ ಮೈಲುತುತ್ತು ಡಬ್ಬದಲ್ಲಿ ಇದ್ದೇ ಇರುತ್ತದೆ. ಈ ಅಳತೆಯ ಅಂಟಿಗೆ ಎರಡು ಗ್ರಾಂ ಸಾಕು, ಚಹಾ ಚಮಚದ ಮೂರನೇ ಒಂದು ಪಾಲು. ಬಿಸಿನೀರಿನಲ್ಲಿ ಬೇರೆಯೇ ಕರಗಿಸಿ, ಬೇಯಿಸಿದ ಅಂಟನ್ನು ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿದ ಮೇಲೆ ಸೇರಿಸಬೇಕು. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಯನ್ನು ಅದು ತಿನ್ನುತ್ತದೆಂದು ಮದ್ದು ಬಿಡುವವರಿಗೆ ಹೇಳಿಕೊಡಬೇಕಾಗಿಲ್ಲ. ವಿಷ. ಆ ಡಬ್ಬ, ಆ ಚಮಚ ಮತ್ತೆ ಅಡುಗೆಮನೆಗೆ ಹೋಗಬಾರದು, ಪುಟ ತಿರುಗಿಸುವಾಗ ಬೆರಳು ನೆಕ್ಕುವ ಅಭ್ಯಾಸದವರ ಕೈಗೆ ಸಿಗುವ ಜಾಗದಲ್ಲೂ ಈ ಅಂಟು ಇರಬಾರದು. ಬೆನ್ನಿಗೆ ಮತ್ತು ರಟ್ಟಿಗೆ ಮಾತ್ರ ಅದನ್ನು ಹಚ್ಚಿ, ಅಚ್ಚಾದ ಪುಟಕ್ಕೆ ಬೇಡ. ಪುಟದ ಹರುಕಿಗೆ ಬರೀ ಮೈದಾ ಅಂಟು ತೆಳುವಾಗಿ ಹಚ್ಚಿ ತೆಳ್ಳಗಿನ ಬಿಳಿ ಕಾಗದ ಕೂರಿಸಿದರಾಯಿತು. ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ, ಕೆಲವು ವರ್ಷದಲ್ಲಿ ಟೇಪು ಉದುರಿ ಕಂದು ಕಲೆ ಮಾತ್ರ ಉಳಿಯುತ್ತದೆ.

ಬೆನ್ನಿಗೆ ಹಳೇ ಪಂಚೆಯ ತುಂಡು, ಅದರ ಮೇಲೆ ಎರಡು ಮಿಲಿಮೀಟರ್ ರಟ್ಟು, ಮೇಲೆ ಕ್ಯಾಲಿಕೊ. ರಟ್ಟು ಮಡಿಕೆಯ ಗೆರೆಗಿಂತ ಎರಡು ಮಿಲಿಮೀಟರ್ ಆಚೆ ಶುರುವಾಗಬೇಕು. ಬೆನ್ನಿನ ಅಂಚಿಗೇ ತಾಗಿಸಿದರೆ ತೆರೆಯುವಾಗೆಲ್ಲ ಮೊದಲ ಕಂತನ್ನು ಎಳೆದು ಹರಿಯುತ್ತದೆ. ಕಾಗದಕ್ಕೂ ರಟ್ಟಿಗೂ ನಾರು ಓಡುವ ದಿಕ್ಕು ಉಂಟು. ಎರಡು ಕಡೆಗೂ ಬಗ್ಗಿಸಿ ನೋಡಿ, ಸುಲಭವಾಗಿ ಬಗ್ಗುವ ಕಡೆಯ ಮಡಿಕೆ ಬೆನ್ನಿಗೆ ಸಮಾನಾಂತರವಾಗಿರಬೇಕು. ಅಡ್ಡ ಹಾಕಿದರೆ ಅಂಟಿನ ನೀರು ಕುಡಿದು ರಟ್ಟು ದೋಣಿಯಾಗುತ್ತದೆ, ಯಾವ ಭಾರ ಇಟ್ಟರೂ ನೆಟ್ಟಗಾಗದು. ಒಣಗಿಸುವುದು ನೆರಳಲ್ಲಿ, ಭಾರದ ಕೆಳಗೆ, ಎರಡು ದಿನ. ಅಂಗಳದಲ್ಲಿ ಅಡಿಕೆಯ ಪಕ್ಕ ಬಿಸಿಲಿಗೆ ಹರವಿದರೆ ಸಂಜೆಯೊಳಗೆ ಸುರುಟಿಕೊಳ್ಳುತ್ತದೆ. ಜನವರಿಯಿಂದ ಏಪ್ರಿಲ್ ಒಳಗೆ ಈ ಕೆಲಸ ಮುಗಿಸಬೇಕು. ಜೂನ್ ಬಂದ ಮೇಲೆ ಹಚ್ಚಿದ ಅಂಟು ಒಣಗುವ ಮೊದಲೇ ಬೂಷ್ಟು ಬರುತ್ತದೆ.

ಓದುವಾಗ ಒಂದು ಪೆನ್ಸಿಲ್ ಬೇಕು. ಪ್ರತಿ ಕಂತಿನ ಕೊನೆಯ ಪ್ಯಾರಾದ ಪಕ್ಕ ಒಂದು ಗುರುತು. ಅಲ್ಲಿ ಎದ್ದ ಕುತೂಹಲಕ್ಕೆ ಮುಂದಿನ ಕಂತು ನ್ಯಾಯವಾದ ಉತ್ತರ ಕೊಟ್ಟಿದ್ದರೆ ಸರಿ ಗುರುತು, ಮೋಸ ಮಾಡಿದ್ದರೆ ಸೊನ್ನೆ. “ಬಾಗಿಲು ಬಡಿದ ಸದ್ದು. ಅವಳ ಎದೆ ಝಲ್ಲೆಂದಿತು” ಎಂದು ಮುಗಿದು, ಮುಂದಿನ ವಾರ ಬಂದದ್ದು ಹಾಲಿನವನಾದರೆ ಅದು ಸೊನ್ನೆ. ಏಳು ದಿನದ ಅಂತರ ಇದ್ದಾಗ ಓದುಗ ಆ ಬಡಿತವನ್ನು ಮರೆತಿರುತ್ತಾನೆ, ಹಾಲಿನವನನ್ನು ಕ್ಷಮಿಸುತ್ತಾನೆ. ಹೊಲಿದ ಪುಸ್ತಕದಲ್ಲಿ ಬಡಿತ ಎಡಪುಟದಲ್ಲಿ, ಹಾಲು ಬಲಪುಟದಲ್ಲಿ. ಕಾದಂಬರಿಯ ಅರ್ಧಕ್ಕಿಂತ ಹೆಚ್ಚು ಬೆಸುಗೆಗೆ ಸೊನ್ನೆ ಬಿದ್ದರೆ ಅಂಥದ್ದನ್ನು ಎರಡನೇ ಸಲ ಯಾರೂ ಓದುವುದಿಲ್ಲ. ಎಷ್ಟು ಹೆಸರುವಾಸಿಯಾಗಿದ್ದರೂ ಅಷ್ಟೇ.

ರೋಚಕ ಕಾದಂಬರಿ ಇಲ್ಲೇ ಮುಗ್ಗರಿಸುವುದು. ಬರೆಯುತ್ತಾ ಬರೆಯುತ್ತಾ ಪ್ರಕಟಿಸುವ ಪದ್ಧತಿಯಲ್ಲಿ ಲೇಖಕನಿಗೇ ಆರನೇ ಕಂತಿನ ಹೊತ್ತಿಗೆ ಕೊಲೆಗಾರ ಯಾರೆಂದು ನಿಶ್ಚಯ ಇರುವುದಿಲ್ಲ ಅನಿಸುವ ಸಾಕ್ಷಿಗಳು ಸಿಗುತ್ತವೆ. ಆರನೇ ಕಂತಿನಲ್ಲಿ ಒಂದು ಕೆಂಪು ಕಾರು ಬಂದು ಮನೆಯೆದುರು ನಿಲ್ಲುತ್ತದೆ, ಮತ್ತೆ ಆ ಕಾರಿನ ಸುದ್ದಿಯೇ ಇಲ್ಲ. ಎರಡೂ ಕೈಯಲ್ಲಿ ಬರೆಯಬಲ್ಲ ತಮ್ಮನೊಬ್ಬ ಇಪ್ಪತ್ತಾರನೇ ಕಂತಿನಲ್ಲಿ ದಿಢೀರೆಂದು ವಿದೇಶದಿಂದ ಇಳಿಯುತ್ತಾನೆ. ನಾನು ನೋಡುವುದು ಎರಡೇ: ಅಪರಾಧಿಯ ಹೆಸರು ಮೊದಲು ಬಂದದ್ದು ಎಷ್ಟನೇ ಕಂತಿನಲ್ಲಿ, ಅವನನ್ನು ಹಿಡಿದುಕೊಟ್ಟ ಸುಳಿವು ಓದುಗನ ಕಣ್ಣೆದುರು ಇತ್ತೇ ಇಲ್ಲವೇ. ಹೆಸರು ಮೊದಲ ಮೂರನೇ ಒಂದು ಭಾಗದೊಳಗೆ ಬಂದಿರಬೇಕು, ಸುಳಿವು ಒಮ್ಮೆಯಾದರೂ ಬೇರೆ ಯಾವುದೋ ಮಾತಿನ ನಡುವೆ ಸಾಮಾನ್ಯ ವಸ್ತುವಾಗಿ ಹಾದುಹೋಗಿರಬೇಕು. ಹೊಲಿದ ಪುಸ್ತಕದಲ್ಲಿ ಹಿಂದೆ ತಿರುಗಿಸಿ ನೋಡುವುದು ಕ್ಷಣದ ಕೆಲಸ. ವಾರದ ಓದುಗನಿಗೆ ಆ ಸೌಕರ್ಯ ಇಲ್ಲ ಎಂಬ ಧೈರ್ಯದಲ್ಲೇ ಬರೆದ ಕಾದಂಬರಿಗಳು ಬೇಕಾದಷ್ಟಿವೆ.

ಇಡಿಯಾಗಿಯೇ ಬಂದ ಹಳೇ ಪತ್ತೇದಾರಿಗಳ ಕಥೆ ಬೇರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಸಾಹಸಗಳನ್ನು ಒಂದೇ ಗುಕ್ಕಿಗೆ ಓದುತ್ತಿದ್ದರು. ಅವುಗಳ ತರ್ಕ ಎಷ್ಟು ಗಟ್ಟಿ ಎಂಬುದಕ್ಕಿಂತ ಎಲ್ಲೂ ನಿಲ್ಲದ ಓಟವೇ ಅವುಗಳ ಬಂಡವಾಳ. ಧಾರಾವಾಹಿಗೆ ಆ ಓಟ ಬರುವುದಿಲ್ಲ, ಪ್ರತಿ ವಾರವೂ ನಿಂತು “ಇನ್ಸ್‌ಪೆಕ್ಟರರು ಸಿಗರೇಟು ಹಚ್ಚಿ ನಡೆದದ್ದನ್ನೆಲ್ಲ ಮೆಲುಕು ಹಾಕಿದರು” ಎನ್ನಬೇಕಾಗುತ್ತದೆ. ಆ ಮೆಲುಕು ಹೊಸ ಓದುಗರಿಗೆ. ಹೊಲಿದು ಓದುವವನಿಗೆ ಇನ್ಸ್‌ಪೆಕ್ಟರರಿಗೆ ಮರೆವಿನ ಕಾಯಿಲೆ ಇದ್ದಂತೆ ಕಾಣುತ್ತದೆ.

ಪ್ರೇಮ ಕಾದಂಬರಿ ಗೆಲ್ಲುವುದು ಎಲ್ಲಿ? ಅದರ ಕುತೂಹಲ ಗುಟ್ಟಿನ ಮೇಲೆ ನಿಂತಿಲ್ಲ. ಮೂರನೇ ಕಂತಿಗೇ ಯಾರು ಯಾರನ್ನು ಮದುವೆಯಾಗುತ್ತಾರೆಂದು ಚಾವಡಿಯಲ್ಲಿ ಕೂತ ಎಲ್ಲರಿಗೂ ಗೊತ್ತು. ಕೊನೆ ಗೊತ್ತಿದ್ದೂ ಓದುತ್ತಾರೆಂದರೆ ದಾರಿಯಲ್ಲಿ ಏನೋ ಇರಬೇಕು: ಅತ್ತೆಮನೆಯ ಅಡುಗೆಮನೆಯಲ್ಲಿ ಸೊಸೆಗೆ ಮೊದಲ ದಿನ ಉಪ್ಪಿನ ಡಬ್ಬ ಸಿಗದೆ ಇರುವುದು, ಕೆಲಸಕ್ಕೆ ಹೋಗುವ ಹುಡುಗಿಯ ಸಂಬಳದ ಲಕೋಟೆಯನ್ನು ಅಪ್ಪ ಕೈಯಲ್ಲಿ ಹಿಡಿದು ತೂಗಿ ನೋಡುವುದು. ಇಂಥ ಜಾಗಗಳು ಒಟ್ಟಿಗೆ ಓದಿದಷ್ಟೂ ಒಂದರ ಮೇಲೊಂದು ಸೇರಿ ದಪ್ಪವಾಗುತ್ತವೆ, ವಾರದ ಅಂತರದಲ್ಲಿ ತೆಳುವಾಗುತ್ತಿದ್ದದ್ದು ಅವೇ.

ಹಾಗೆಂದು ಎಲ್ಲ ಪ್ರೇಮ ಕಾದಂಬರಿಯೂ ನಿಲ್ಲುವುದಿಲ್ಲ. ಇಬ್ಬರು ಐದು ನಿಮಿಷ ಕೂತು ಮಾತಾಡಿದರೆ ಮುಗಿಯುವ ತಪ್ಪುತಿಳಿವಳಿಕೆಯನ್ನು ಹನ್ನೆರಡು ಕಂತು ಎಳೆದದ್ದಾದರೆ ಹೊಲಿದ ಪುಸ್ತಕ ಅದನ್ನು ತಾಳುವುದಿಲ್ಲ. ಮಾತಾಡಲು ಹೊರಟಾಗೆಲ್ಲ ಸೋದರಮಾವ ಬರುತ್ತಾನೆ, ಫೋನು ಬರುತ್ತದೆ, ಅವಳಿಗೆ ತಲೆ ಸುತ್ತುತ್ತದೆ. ಆ ಸೋದರಮಾವನ ಬರವನ್ನು ಎಣಿಸಿ. ಮೂರು ದಾಟಿದರೆ ಲೇಖಕಿಗೆ ಕಥೆ ಮುಗಿದಿದೆ, ಸಂಪಾದಕರಿಗೆ ಕಂತು ಮುಗಿದಿಲ್ಲ. ಅಡ್ಡಿ ನಿಜವಾದದ್ದಾಗಿದ್ದರೆ, ಅಂದರೆ ಸಾಲ, ಜಾತಿ, ವರ್ಗಾವಣೆ, ಹಾಸಿಗೆ ಹಿಡಿದ ತಾಯಿ, ಎಷ್ಟು ಮಾತಾಡಿದರೂ ಕರಗದ ಅಡ್ಡಿ, ಆಗ ಮೂವತ್ತು ಕಂತೂ ಕಡಿಮೆಯೇ. ಇಲ್ಲಿಯ ಓದುಗರು ಇದಕ್ಕೆ ಗಲ್ಫನ್ನೂ ಸೇರಿಸುತ್ತಾರೆ. ಮಲಯಾಳದ ಜನಪ್ರಿಯ ಧಾರಾವಾಹಿಗಳನ್ನು ಮಲಯಾಳಿಗರೇ ಪೈಂಗಿಳಿ, ಅಂದರೆ ಅಗ್ಗದ ಪ್ರೇಮಕಥೆ, ಎಂದು ಹೀಗಳೆದರೂ, ಗಂಡ ದೂರದಲ್ಲಿದ್ದಾಗ ಮನೆ ನಡೆಸುವ ಹೆಂಗಸಿನ ಲೆಕ್ಕಾಚಾರ ಅವುಗಳಲ್ಲಿ ಚೆನ್ನಾಗಿ ಬಂದದ್ದುಂಟು, ಕನ್ನಡದವರು ಅಷ್ಟು ಹತ್ತಿರದಿಂದ ಬರೆದದ್ದು ಕಡಿಮೆ.

ಪ್ರೇಮ ಕಾದಂಬರಿಯ ಸಣ್ಣ ದೋಷಗಳು ಹೊಲಿದಾಗ ನಗು ತರಿಸುತ್ತವೆ. ನಾಲ್ಕನೇ ಕಂತಿನಲ್ಲಿ ಪೋಸ್ಟ್‌ಮಾಸ್ತರರಾಗಿದ್ದ ಅಪ್ಪ ಹತ್ತೊಂಬತ್ತರಲ್ಲಿ ಬ್ಯಾಂಕಿನಿಂದ ನಿವೃತ್ತರಾಗುತ್ತಾರೆ. ತಂಗಿಯ ಹೆಸರು ಬದಲಾಗುತ್ತದೆ. ಪತ್ರಿಕೆಯ ದೀಪಾವಳಿ ಸಂಚಿಕೆಗೆ ಕಥೆಯಲ್ಲೂ ದೀಪಾವಳಿ ಬರುತ್ತದೆ, ಕಥೆಯ ಲೆಕ್ಕದಲ್ಲಿ ಅದು ಯುಗಾದಿಯ ಮರುವಾರವಾಗಿದ್ದರೂ. ಇವುಗಳಿಗೆ ನಾನು ಸೊನ್ನೆ ಹಾಕುವುದಿಲ್ಲ. ಅಂಚಿನಲ್ಲಿ ಒಂದು ಚುಕ್ಕೆ ಇಟ್ಟರೆ ಮುಂದೆ ಓದುವವರಿಗೆ ತಮಾಷೆ.

ಮಾಯಾಜಾಲದ ಕಥೆಗಳನ್ನು ಹೊಲಿಯುವ ಮೊದಲೇ ಪರೀಕ್ಷಿಸಬೇಕು, ಎಲೆಗಳು ಬಿಡಿಯಾಗಿರುವಾಗ. ಎಂಟನೇ ಕಂತನ್ನೂ ಹನ್ನೊಂದನೇ ಕಂತನ್ನೂ ಅದಲುಬದಲು ಮಾಡಿ ಓದಿಸಿ ನೋಡಿ. ಕೇಳುವವರಿಗೆ ಗೊತ್ತಾಗದಿದ್ದರೆ ಅದು ಬರೀ ದಾರಿ ಕಥೆ: ಒಂದು ಕಾಡು, ಒಬ್ಬ ರಾಕ್ಷಸ, ಒಂದು ಪಾರಾಗುವ ಉಪಾಯ, ಮತ್ತೊಂದು ಕಾಡು. ಚಂದಮಾಮದಲ್ಲಿ ತಿಂಗಳಿಗೊಂದು ಕಂತಾಗಿ ಬರುತ್ತಿದ್ದ ಧಾರಾವಾಹಿಗಳನ್ನು ಹೊಲಿದಿಟ್ಟವರ ಹತ್ತಿರ ಇದನ್ನು ಮಾಡಿ ನೋಡಬಹುದು. ತೆಲುಗಿನ ದಾಸರಿ ಸುಬ್ರಹ್ಮಣ್ಯಂ ಬರೆದು ಚಿತ್ರಾ ಎಂಬ ಕಲಾವಿದರು ಚಿತ್ರ ಹಾಕಿದ ಕಥೆಗಳು ಅವು. ದಾರಿ ಉದ್ದವಾದರೂ ಹಿಂದೆ ಬಿಟ್ಟ ಪಾತ್ರ ಮುಂದೆ ಎಲ್ಲಿಯೋ ಬಂದು ಲೆಕ್ಕ ಕೇಳುತ್ತದೆ, ಅದರಿಂದ ಕಂತು ಕದಲಿಸಿದರೆ ಕಥೆ ಕೆಡುತ್ತದೆ. ಚಿತ್ರವಂತೂ ಸರಿಯೇ.

ಮಂತ್ರಕ್ಕೆ ಬೆಲೆ ಇರಬೇಕು, ಇದು ಎರಡನೇ ಪರೀಕ್ಷೆ. ಹಿಂದಿನ ಒಳರಟ್ಟಿನಲ್ಲಿ ಕಥೆ ಹೇಳಿದ ನಿಯಮಗಳನ್ನು ಬರೆಯುತ್ತಾ ಹೋಗಿ: ಉಂಗುರ ಮೂರೇ ಸಲ ಕೆಲಸ ಮಾಡುತ್ತದೆ, ನೀರು ದಾಟಿದರೆ ಶಕ್ತಿ ಹೋಗುತ್ತದೆ, ಹೀಗೆ. ನಾಲ್ಕನೇ ಸಲ ಉಂಗುರ ತಿರುಗಿಸಿದ ಕಂತಿನ ತಾರೀಕನ್ನು ಎದುರಿಗೆ ಹಾಕಿ. ಈಗಿನ ಎಳೆಯರು ಬರೆಯುವ ಫ್ಯಾಂಟಸಿಯಲ್ಲಿ ಹೆಸರುಗಳು, ರಾಜವಂಶಗಳು, ನಕ್ಷೆ ಎಲ್ಲ ದಂಡಿಯಾಗಿರುತ್ತವೆ, ಈ ಪಟ್ಟಿ ಮಾತ್ರ ಖಾಲಿ ಉಳಿಯುತ್ತದೆ. ನಿಯಮವೇ ಇಲ್ಲದ ಕಡೆ ಅಪಾಯವೂ ಇಲ್ಲ.

ಮಾಟಮಂತ್ರ ಮತ್ತು ರೋಚಕ ಎರಡೂ ಕೂಡಿದ ಬಗೆಯೊಂದುಂಟು. ತೆಲುಗಿನ ಯಂಡಮೂರಿ ವೀರೇಂದ್ರನಾಥರ ಅನುವಾದಗಳು 1980ರ ದಶಕದಲ್ಲಿ ಕನ್ನಡಿಗರನ್ನು ಹಿಡಿದು ಕೂರಿಸಿದ್ದು ಆ ಬಗೆಯಿಂದ. ಇವು ಹೊಲಿದ ಮೇಲೂ ನಿಲ್ಲುತ್ತವೆ. ಮಂತ್ರವಾದಿಯದ್ದೊಂದು ದಾರಿ, ವೈದ್ಯರದ್ದೊಂದು ದಾರಿ. ಮಂತ್ರವಾದಿಯನ್ನು ತುತ್ತತುದಿಯಲ್ಲಿ ಬಿಟ್ಟು ಆಸ್ಪತ್ರೆಗೆ ಹೋಗುತ್ತಾರೆ, ಅಲ್ಲಿ ಇನ್ನೊಂದು ತುದಿ. ಉತ್ತರ ತಡವಾಗುವುದು ಇನ್ನೊಂದು ಕಥೆ ಮುಂದೆ ಹೋಗುತ್ತಿರುವುದರಿಂದ, ಹಾಲಿನವನು ಬಾಗಿಲು ಬಡಿದದ್ದರಿಂದಲ್ಲ. ನಮ್ಮಲ್ಲಿ ರೋಚಕ ಬರೆಯುವವರು ಇದೊಂದನ್ನು ಕಲಿತರೆ ಅರ್ಧ ಸೊನ್ನೆ ಕಡಿಮೆಯಾದೀತು. ಅವುಗಳಲ್ಲಿ ಹಿಂಸೆ ಜಾಸ್ತಿ, ಮಕ್ಕಳ ಕೈಗೆ ಸಿಗುವ ಕಪಾಟಿನಲ್ಲಿ ಇಡಬಾರದೆಂಬ ಮಾತಿಗೆ ನನ್ನ ಒಪ್ಪಿಗೆ ಉಂಟು.

ಸೊನ್ನೆ ಹೆಚ್ಚು ಬಿದ್ದದ್ದಕ್ಕೆ ರಟ್ಟು, ಕ್ಯಾಲಿಕೊ ದಂಡ. ಕಿವಿಯಲ್ಲಿ ಹುರಿ ಕಟ್ಟಿ ಅಷ್ಟಕ್ಕೇ ಬಿಡಿ. ರಟ್ಟು ಹಾಕಿದ್ದನ್ನು ಕಪಾಟಿನಲ್ಲಿ ನಿಲ್ಲಿಸುವಾಗ ಗೋಡೆಯಿಂದ ನಾಲ್ಕು ಬೆರಳು ದೂರ ಇರಲಿ, ಮುರಕಲ್ಲಿನ ಗೋಡೆ ಆಷಾಢದಲ್ಲಿ ಬೆವರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ಒಳಗೇ ಸಿಕ್ಕಿಕೊಂಡು ಬೂಷ್ಟು ಇಮ್ಮಡಿಯಾಗುತ್ತದೆ. ನುಸಿಗುಳಿಗೆ ಹುಳಕ್ಕಷ್ಟೇ, ಬೂಷ್ಟಿಗೆ ಅದರ ಪರಿವೆಯಿಲ್ಲ. ನುಣುಪು ಕಾಗದದ ಬಣ್ಣದ ಪುಟಗಳು ಒದ್ದೆಯಾಗಿ ಒಂದಕ್ಕೊಂದು ಅಂಟಿದರೆ ಬಿಡಿಸಲು ದಾರಿಯೇ ಇಲ್ಲ, ಅಂಥ ಎಲೆಗಳ ನಡುವೆ ಮೊದಲೇ ತೆಳು ಕಾಗದ ಇಡುವುದು ಕ್ಷೇಮ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಎಲ್ಲವನ್ನೂ ಜಗಲಿಯಲ್ಲಿ ಅರ್ಧ ದಿನ ಬಿಚ್ಚಿ ನಿಲ್ಲಿಸಿ, ಬೂಷ್ಟಿದ್ದರೆ ಒಣ ಬಟ್ಟೆಯಲ್ಲಿ ಹೊರಗೇ ಒರೆಸಬೇಕು. ಕೋಣೆಯೊಳಗೆ ಕೊಡವಿದರೆ ಉಳಿದ ಪುಸ್ತಕಕ್ಕೂ ಹಂಚಿದಂತೆ.

ಫೋನಿನಲ್ಲಿ ಫೋಟೋ ತೆಗೆದು ಪಿಡಿಎಫ್ ಮಾಡಿ ವಾಟ್ಸಾಪಿಗೆ ಹಾಕಿ ಎಂದು ಕೇಳುವವರು ಇದ್ದೇ ಇರುತ್ತಾರೆ. ನಮ್ಮ ದೇಶದ ಕಾನೂನಿನಲ್ಲಿ ಲೇಖಕರು ತೀರಿಕೊಂಡು 60 ವರ್ಷದವರೆಗೆ ಹಕ್ಕು ಅವರ ಮನೆಯವರದ್ದು. ಪುಸ್ತಕವನ್ನೇ ಎರವಲು ಕೊಡಬಹುದು, ಅದಕ್ಕೇನೂ ಅಡ್ಡಿಯಿಲ್ಲ. ಕೊಡುವಾಗ ಹೆಸರು, ತಾರೀಕು ಬರೆದುಕೊಳ್ಳಿ. ಪತ್ತೇದಾರಿಯಾದರೆ ಕೊಡುವ ಮುಂಚೆಯೂ ಮರಳಿ ಬಂದ ಮೇಲೂ ಮೊದಲ ಕಂತನ್ನು ತೆರೆದು ನೋಡಬೇಕು, ಏಕೆಂದರೆ ಅಲ್ಲಿಯ ಚಿತ್ರದ ಮೇಲೆ ಬಾಣ ಹಾಕಿ “ಇವನೇ” ಎಂದು ಬರೆದು ಕೊಡುವ ಪುಣ್ಯಾತ್ಮರು ಊರಿಗೊಬ್ಬರು ಇರುತ್ತಾರೆ. ಪೆನ್ಸಿಲಿನದ್ದಾದರೆ ಮೆತ್ತಗಿನ ರಬ್ಬರಿನಲ್ಲಿ ಒಂದೇ ದಿಕ್ಕಿಗೆ ಉಜ್ಜಿ. ಪೆನ್ನಿನದ್ದಾದರೆ ಪಕ್ಕದ ಮನೆಯ ಸಂಚಿಕೆಯಿಂದ ಆ ಪುಟದ ಜೆರಾಕ್ಸ್ ತೆಗೆಸಿ, ಹಾಳಾದ ಎಲೆಯನ್ನು ಮಡಿಕೆಯಿಂದ ಒಂದು ಬೆರಳು ಈಚೆಗೆ ಕತ್ತರಿಸಿ, ಉಳಿದ ಪಟ್ಟಿಗೆ ಹೊಸ ಎಲೆಯನ್ನು ಮೈದಾ ಅಂಟಿನಲ್ಲಿ ಕೂರಿಸಿದರೆ ಹೊಲಿಗೆ ಬಿಚ್ಚುವ ಕೆಲಸ ಇಲ್ಲ.